ಕೊನೆಯ ಐದು ಪುಟ

ಪರೀಕ್ಷಾ ವಿಭಾಗದ ಹೊರಗೆ ಹಾಕಿದ್ದ ಬೆಂಚಿನ ಒಂದು ಕಾಲು ಗಿಡ್ಡ. ಆ ತುದಿಯಲ್ಲಿ ಕೂತವನು ಸ್ವಲ್ಪ ಅಲುಗಿದರೂ ಸಾಕು, ಬೆಂಚು ಟಕ್ಕೆಂದು ಸದ್ದು ಮಾಡಿ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅವನು ಆ ತುದಿಯಲ್ಲೇ ಕೂತಿದ್ದ. ಅರವತ್ತೆರಡು ವರ್ಷದವನು ಅಲುಗದೆ ಎಷ್ಟು ಹೊತ್ತು ಕೂರಬಹುದು? ಟಕ್. ಗೋಡೆಗೆ ಒರಗಿ ನಿಂತಿದ್ದ ಇಬ್ಬರು ಹುಡುಗರು ನೋಡಿದರು. ಯಾರೋ ಮೊಮ್ಮಗನ ಅಂಕಪಟ್ಟಿಗೆ ಬಂದಿರಬೇಕು ಎಂದುಕೊಂಡು ಮತ್ತೆ ತಮ್ಮ ಮಾತಿಗೆ ಹೊರಳಿದರು. ಹಾಗೆಂದುಕೊಂಡರೆ ಒಳ್ಳೆಯದೇ ಎಂದು ಅವನಿಗೂ ಅನ್ನಿಸಿತು. ಕೈಯಲ್ಲಿದ್ದ ನೋಟೀಸನ್ನು ಇನ್ನೂ ಸಣ್ಣಗೆ ಮಡಚಿ ಜೇಬಿಗೆ ತಳ್ಳಿದ. ಆದರೆ ಪಕ್ಕದಲ್ಲಿ ಕೂತಿದ್ದವಳು ಅವನದೇ ತರಗತಿಯ ಹುಡುಗಿ, ಸ್ಕೇಲಿನ ಹಿಂಬದಿಯಲ್ಲಿ ಕಲಮುಗಳ ಸಂಖ್ಯೆ ಬರೆದುಕೊಂಡು ಸಿಕ್ಕಿಬಿದ್ದವಳು. ಅವಳಿಗೆ ಮುಚ್ಚುಮರೆ ಇರಲಿಲ್ಲ. ತನ್ನ ಸ್ಕೇಲಿನ ಕತೆಯನ್ನು ಹಲ್ಲುನೋವಿನ ಕತೆ ಹೇಳುವಷ್ಟು ಸಲೀಸಾಗಿ ಹೇಳಿ ಮುಗಿಸಿ, ದನಿ ತಗ್ಗಿಸಿ ಕೇಳಿದಳು.

"ನೀವು ಎಲ್ಲಿ ಬರ್ಕೊಂಡಿದ್ರಿ ಸರ್?"

"ಉತ್ತರ ಪತ್ರಿಕೆಯಲ್ಲೇ."

ಹುಡುಗಿಯ ಕಣ್ಣಲ್ಲಿ ಗೌರವ ಮೂಡಿತು. ಉತ್ತರ ಪತ್ರಿಕೆಯಲ್ಲೇ ಕಾಪಿ ಬರೆದಿಟ್ಟುಕೊಳ್ಳುವ ವಿದ್ಯೆ ಅವಳಿಗೆ ಹೊಳೆದಿರಲಿಲ್ಲ. ಬಿಡಿಸಿ ಹೇಳೋಣ ಅಂದುಕೊಂಡ. ಹೇಳಹೊರಟರೆ ಎಲ್ಲಿಂದ ಹೇಳುವುದು? ಮೂವತ್ತೈದು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರನಾಗಿದ್ದ ಕೈ ಅದು. ಸಾಕ್ಷಿಗಳು ಅತ್ತರೂ, ವಕೀಲರು ಕೂಗಾಡಿದರೂ, ನ್ಯಾಯಾಧೀಶರು ಆಕಳಿಸುತ್ತ ತೀರ್ಪು ಹೇಳಿದರೂ ಅದು ಒಂದೇ ಸಮನೆ ಗೀಟು ಎಳೆಯುತ್ತಿತ್ತು. ಅದಕ್ಕೇ ಅವನಿಗೆ 'ಪೆನ್ಸಿಲ್' ಎಂದು ಅಡ್ಡಹೆಸರು, ಮನೆಯವರಿಟ್ಟ ಹೆಸರು ನ್ಯಾಯಾಲಯದಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಅಂಥ ಕೈಗೆ ನಿವೃತ್ತಿಯಾದ ಮೇಲೆ ಒಂದೊಂದೇ ಅಕ್ಷರ ತಿದ್ದಿ ಮೂರು ಗಂಟೆ ಪರೀಕ್ಷೆ ಬರೆಯಿರಿ ಎಂದರೆ ಅದಾದರೂ ಏನು ಮಾಡೀತು. ಆಡಳಿತ ಕಾನೂನಿನ ಪತ್ರಿಕೆ. ನಾಲ್ಕು ಪ್ರಶ್ನೆ ಮುಗಿಯುವಾಗ ಉಳಿದದ್ದು ಹದಿನೆಂಟು ನಿಮಿಷ. ಐದನೆಯದು ಅವನಿಗೆ ತುಂಬ ಇಷ್ಟದ ಪ್ರಶ್ನೆ: ಎದುರಿನವರ ಮಾತು ಕೇಳದೆ ತೀರ್ಪು ಕೊಡಬಾರದು ಎಂಬ ಸಹಜ ನ್ಯಾಯದ ತತ್ವವನ್ನು ಉದಾಹರಣೆಗಳೊಂದಿಗೆ ವಿವರಿಸಿ. ತಲೆಯೊಳಗೆ ಉತ್ತರ ಉಕ್ಕಿ ಬರುತ್ತಿತ್ತು, ಬೆರಳು ಹಿಂದೆ ಬೀಳುತ್ತಿತ್ತು. ಆಮೇಲೆ ಹಿಂದೆ ಬೀಳುವುದು ನಿಂತಿತು. ಎಷ್ಟು ಹಾಯಾಗಿತ್ತು! ತಲೆ ಓಡಿದಷ್ಟೂ ಕೈ ಓಡಿತ್ತು. ಗಂಟೆ ಬಾರಿಸಿ ಮೇಲ್ವಿಚಾರಕರು ಪತ್ರಿಕೆ ಎಳೆದುಕೊಂಡಾಗಲೇ ಅವನು ಕೆಳಗೆ ನೋಡಿದ್ದು. ಕೊನೆಯ ಐದು ಪುಟ ಬರೀ ಗೀಟು, ಕೊಕ್ಕೆ, ಚುಕ್ಕಿ. ಒಂದಾದರೂ ಅಕ್ಷರವಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆಂದು ಕಲಿತದ್ದು.

ಮೌಲ್ಯಮಾಪಕರು ಅದನ್ನು ನೋಡಿ ಬೆಚ್ಚಿಬಿದ್ದಿರಬೇಕು. 'ಕೊನೆಯ ಐದು ಪುಟಗಳಲ್ಲಿ ಸಂಶಯಾಸ್ಪದ ಚಿಹ್ನೆಗಳು ಕಂಡುಬಂದಿವೆ' ಎಂದು ಷರಾ ಬರೆದು ಕಳಿಸಿದ್ದರು. ನಿಯಮ ಇಪ್ಪತ್ತಮೂರು: ವಿದ್ಯಾರ್ಥಿಯ ಗುರುತು ತಿಳಿಸುವಂಥ ಯಾವುದೇ ಚಿಹ್ನೆ, ಸಂಕೇತ, ಗೀಚು ಇದ್ದಲ್ಲಿ ಆ ಪತ್ರಿಕೆ ರದ್ದು. ಸ್ನಾತಕೋತ್ತರ ಕಾನೂನಿನ ನಿಯಮಾವಳಿಯ ಪುಟ್ಟ ಪುಸ್ತಕವನ್ನು ಅವನು ಈ ಒಂದು ತಿಂಗಳಲ್ಲಿ ಎಷ್ಟು ಸಲ ಓದಿದ್ದನೆಂದರೆ ಪಠ್ಯವನ್ನು ಅಷ್ಟು ಓದಿದ್ದರೆ ಚಿನ್ನದ ಪದಕವೇ ಬರುತ್ತಿತ್ತು. ಮೊದಲ ವರ್ಷಕ್ಕೆ ಆರು ವಿಷಯ. ನಾಲ್ಕು ಪಾಸಾದವರು ಎರಡನೇ ವರ್ಷಕ್ಕೆ ಏರಬಹುದು, ಉಳಿದೆರಡನ್ನು ಆಮೇಲೆ ಕಟ್ಟಿ ಮುಗಿಸಬಹುದು. ಒಂದು ವಿಷಯಕ್ಕೆ ಮೂರೇ ಅವಕಾಶ. ಮೂರೂ ಮುಗಿದರೆ ಹೆಸರು ತೆಗೆದುಹಾಕುತ್ತಾರೆ. ಅವನ ಕೈಯಲ್ಲಿದ್ದದ್ದು ಮೂರು ವಿಷಯ. ಇದು ನಾಲ್ಕನೆಯದು, ಇದಕ್ಕೆ ಇದೇ ಮೂರನೇ ಸಲ. ಹಿಂದಿನ ಎರಡು ಸಲವೂ ಹೊತ್ತು ಸಾಲದೆ ಕೊನೆಯ ಪ್ರಶ್ನೆಯನ್ನು ಖಾಲಿ ಬಿಟ್ಟು ಬಂದು ನಪಾಸಾಗಿದ್ದ. ಈ ಸಲ ಖಾಲಿ ಬಿಡಬಾರದು ಅಂದುಕೊಂಡದ್ದೇ ತಪ್ಪಾಯಿತೇನೋ. ಟಕ್.

ಮನೆಯಲ್ಲಿ ಹೇಳಿರಲಿಲ್ಲ. ಫಲಿತಾಂಶ ತಡವಾಗಿದೆ, ಈ ಕಾಲದಲ್ಲಿ ಯಾವುದು ನೆಟ್ಟಗೆ ಬರುತ್ತದೆ ಹೇಳು ಎಂದು ಹೆಂಡತಿಯ ಮುಂದೆ ವ್ಯವಸ್ಥೆಯನ್ನು ಬೈದು ಮಾತು ತೇಲಿಸಿದ್ದ. ಅವಳು ಹೌದೌದು ಎಂದು ಬಟ್ಟೆ ಮಡಚುತ್ತಿದ್ದಳು. ಇವತ್ತು ಬೆಳಿಗ್ಗೆ ಹೊರಡುವಾಗಲೂ ಗ್ರಂಥಾಲಯಕ್ಕೆ ಹೋಗುತ್ತೇನೆ ಅಂದಿದ್ದ. ಹೋಗಿ ಬನ್ನಿ ಅಂದಿದ್ದಳು. ಅರವತ್ತಕ್ಕೆ ಅರಳು ಮರಳು ಎಂದು ಓರಗೆಯವರೆಲ್ಲ ಆಡಿಕೊಳ್ಳುವಾಗ, ಓದಿಕೊಳ್ಳಲಿ ಬಿಡಿ, ಮನೆಯಲ್ಲಿದ್ದರೆ ನನ್ನ ಡಬ್ಬಿಗಳನ್ನೆಲ್ಲ ಜೋಡಿಸೋಕೆ ಬರ್ತಾರೆ ಎಂದು ನಗಿಸಿ ಬಾಯಿ ಮುಚ್ಚಿಸಿದವಳು ಅವಳೇ. ಅಂಥವಳ ಮುಂದೆ ನಿಂತು, ಪರೀಕ್ಷೆಯಲ್ಲಿ ಮೋಸ ಮಾಡಿದ ಆರೋಪ ಬಂದಿದೆ ಎಂದು ಹೇಗೆ ಹೇಳುವುದು. ಅದರಲ್ಲೂ ಶೀಘ್ರಲಿಪಿಯಲ್ಲಿ ಬರೆದೆ ಎಂದು ಅವಳಿಗೇ ಹೇಗೆ ಹೇಳುವುದು.

ಟೈಪಿಂಗ್ ಶಾಲೆಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು ಅವಳು. ಮೇಷ್ಟ್ರು ಗಡಿಯಾರ ಹಿಡಿದು ಓದುತ್ತಿದ್ದರು, ನಿಮಿಷಕ್ಕೆ ನೂರು ಪದ, ನೂರಿಪ್ಪತ್ತು. ನೂರಿಪ್ಪತ್ತಕ್ಕೆ ಅವನ ಹಣೆ ಬೆವರುತ್ತಿತ್ತು. ನೂರನಲವತ್ತಕ್ಕೆ ಇಡೀ ಕೋಣೆ ಪೆನ್ಸಿಲ್ ಕೆಳಗಿಟ್ಟಾಗ ಒಂದೇ ಒಂದು ಪೆನ್ಸಿಲ್ಲಿನ ಸರಸರ ಸದ್ದು ಕೇಳುತ್ತಿತ್ತು. ಆ ಸದ್ದಿಗೇ ಅವನು ಮನಸೋತದ್ದು, ಮುಖ ಆಮೇಲೆ ನೋಡಿದ್ದು. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಇಬ್ಬರಿಗೂ ಒಂದೇ ಅಂಚೆಯಲ್ಲಿ ನ್ಯಾಯಾಲಯದ ನೇಮಕದ ಆದೇಶ ಬಂತು. ಅವನಮ್ಮ ಹಾಸಿಗೆ ಹಿಡಿದಿದ್ದರು. ಅಣ್ಣ ಮಾತಾಡಿದ, ಅತ್ತಿಗೆ ಮಾತಾಡಿದರು, ಮಲಗಿದಲ್ಲಿಂದಲೇ ಅಮ್ಮ ಮಾತಾಡಿದರು, ಅವನೂ ನಾಲ್ಕು ಮಾತಾಡಿದ. ಒಬ್ಬರಾದರೂ ಮನೆಯಲ್ಲಿರಬೇಕಲ್ಲ ಎಂದು ತೀರ್ಮಾನವಾಯಿತು. ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆದೇಶದ ಕಾಗದವನ್ನು ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಕೆಳಗಿಟ್ಟಳು. ಮೂವತ್ತೇಳು ವರ್ಷದಲ್ಲಿ ಆ ವಿಷಯ ಅವಳು ಎತ್ತಲಿಲ್ಲ, ಎತ್ತಲಿಲ್ಲವೆಂಬ ಕಾರಣಕ್ಕೇ ಅವನು ಮರೆಯಲೂ ಇಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಬಂದ ಹೆಂಗಸರು ಕೇಳಿದ್ದಕ್ಕೆ ಉತ್ತರಿಸಿ, ಕೇಳದ ಒಂದು ಮಾತನ್ನೂ ತಡವರಿಸುತ್ತ ಸೇರಿಸುತ್ತಿದ್ದರು. ನ್ಯಾಯಾಧೀಶರು ಅವನ ಕಡೆ ತಿರುಗಿ, ಅದನ್ನ ಬಿಡಿ, ಅನ್ನುತ್ತಿದ್ದರು. ಗೀಟಿನಲ್ಲಿ ಬರೆದಾಗಿರುತ್ತಿತ್ತು, ಟೈಪು ಮಾಡುವಾಗ ಬಿಡುತ್ತಿದ್ದ. ಅಂಥ ಬಿಟ್ಟ ಮಾತುಗಳೇ ಎಷ್ಟೋ ಪುಸ್ತಕ ತುಂಬಿದ್ದವು.

"ಪೆನ್ಸಿಲ್ ಸಾರ್, ಒಳಗೆ ಕರೀತಿದ್ದಾರೆ," ಎಂದರು ಹಿಂದೆ ನ್ಯಾಯಾಲಯಕ್ಕೆ ಅಲೆದು ಆ ಹೆಸರು ಕಲಿತಿದ್ದ ವಿಭಾಗದ ಗುಮಾಸ್ತರು. ಎದ್ದ ರಭಸಕ್ಕೆ ಬೆಂಚು ವಾಲಿ ಸ್ಕೇಲಿನ ಹುಡುಗಿ ಇತ್ತ ಜಾರಿದಳು. ಜಾರುತ್ತಲೇ, ಒಳ್ಳೇದಾಗ್ಲಿ ಸರ್ ಅಂದಳು.

ಒಳಗೆ ಉದ್ದದ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು, ನಿವೃತ್ತಿಗೆ ಹತ್ತಿರವಾದ ಪ್ರಾಧ್ಯಾಪಕರು, ಪಾಪ, ಬೈಯುವುದಕ್ಕೆ ಬಾರದ ಮುಖ. ಅವರ ಎಡಕ್ಕೆ ನಿಯಮಾವಳಿಗೆ ಬಣ್ಣಬಣ್ಣದ ಚೀಟಿ ಅಂಟಿಸಿಕೊಂಡು ಕೂತಿದ್ದ ಕುಲಸಚಿವರ ಕಚೇರಿಯವರು. ಇಡೀ ವಿದ್ಯಾಲಯ ಅವರನ್ನು ನಿಯಮದ ಸ್ವಾಮಿ ಎಂದೇ ಕರೆಯುತ್ತಿತ್ತು. ಬಲಕ್ಕೆ ಸಾಕ್ಷ್ಯ ಕಾನೂನು ಪಾಠ ಮಾಡುವ ಮೇಡಂ. ಅಧ್ಯಕ್ಷರು ಉತ್ತರ ಪತ್ರಿಕೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಇದೇನು ಮಂತ್ರವೇ ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು. ಅವನು ಎದ್ದುನಿಂತು ಹೇಳಿದ. ಹೇಳುತ್ತ ಹೇಳುತ್ತ ನಾಚಿಕೆ ಮೈಯೆಲ್ಲ ಹರಿಯಿತು. ಎಷ್ಟೋ ಕಟಕಟೆಗಳ ಪಕ್ಕ ಕೂತಿದ್ದವನಿಗೆ ಕಟಕಟೆಯಲ್ಲಿ ನಿಂತವರಿಗೆ ಎದುರಿನ ಮೇಜು ಇಷ್ಟು ಎತ್ತರ ಕಾಣುತ್ತದೆಂದು ಇವತ್ತಿನವರೆಗೆ ಗೊತ್ತಿರಲಿಲ್ಲ. ಶಾರ್ಟ್‌ಹ್ಯಾಂಡ್ ಅನ್ನೋದಕ್ಕೆ ಆಧಾರವೇನು, ಸಂಕೇತ ಭಾಷೆ ಯಾಕಾಗಿರಬಾರದು ಎಂದರು ನಿಯಮದ ಸ್ವಾಮಿ. ಆಗ ಅವನು ಒಂದು ತಿಂಗಳು ಎದೆಯಲ್ಲಿ ಕಾಪಾಡಿಕೊಂಡು ಬಂದ ಬಾಣವನ್ನು ತೆಗೆದ: ನಿಯಮ ಮೂವತ್ತೊಂದು. ಬರಹ ಓದಲಾಗದಂತಿದ್ದರೆ ವಿದ್ಯಾರ್ಥಿಯನ್ನು ಕರೆಸಿ, ಸಮಿತಿಯ ಮುಂದೆ ಓದಿಸಿ, ಹಾಗೆ ಓದಿದ್ದನ್ನು ಮೌಲ್ಯಮಾಪನಕ್ಕೆ ಕಳಿಸಬಹುದು. ನಿಯಮದ ಸ್ವಾಮಿ ಚೀಟಿಗಳಲ್ಲಿ ತಡಕಾಡಿದರು. ಮೂವತ್ತೊಂದಕ್ಕೆ ಚೀಟಿ ಅಂಟಿಸಿರಲಿಲ್ಲ. ಮೇಡಂ ನಕ್ಕರು. ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರ್ತಾರೆ, ಇವರಿಗೆ ಎರಡನೇ ವರ್ಷ ಕೊಡದೆ ಇನ್ಯಾರಿಗೆ ಕೊಡ್ತೀರಿ ಅಂದರು.

ಸರಿ ಓದಿ, ಎಂದು ಅಧ್ಯಕ್ಷರು ಪತ್ರಿಕೆಯನ್ನು ಅವನ ಕಡೆ ಸರಿಸಿದರು. ಅವನು ಜೇಬಿಗೆ ಕೈಹಾಕಿದ. ಎದೆಯ ಜೇಬು, ಪ್ಯಾಂಟಿನ ಜೇಬು, ಚೀಲ. ಕನ್ನಡಕವಿಲ್ಲ. ಕನ್ನಡಕ ಮನೆಯಲ್ಲಿ ಫೋನಿನ ಪಕ್ಕದ ಬರೆಯುವ ಪಟ್ಟಿಯ ಮೇಲಿತ್ತು. ಬೆಳಿಗ್ಗೆ ಇಟ್ಟದ್ದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಹೊರಗೆ ನಿಯಮಾವಳಿಯನ್ನು ಬಾಯಿಪಾಠವಿದೆಯೆಂದು ತೆರೆದೇ ಇರಲಿಲ್ಲ, ತೆರೆದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಐದು ಪುಟ ಬೂದುಬಣ್ಣದ ಮೋಡವಾಗಿ ಮುಂದೆ ಹರಡಿಕೊಂಡವು. ದೂರ ಹಿಡಿದ, ಹತ್ತಿರ ಹಿಡಿದ. ಸ್ವಾಮಿಗಳು ಅಧ್ಯಕ್ಷರ ಕಡೆ ನೋಡಿದ ನೋಟದಲ್ಲಿ, ನಾನು ಹೇಳಲಿಲ್ಲವೇ ಎಂಬುದು ಅಚ್ಚು ಹಾಕಿದ ಹಾಗಿತ್ತು. ಬೇರೆ ಯಾರಾದರೂ ಓದುವವರಿದ್ದಾರೆಯೇ ಎಂದು ಮೇಡಂ ಕೇಳಿದರು. ಗುಮಾಸ್ತರು, ಯಾರೂ ಇಲ್ಲ, ಈ ವಿದ್ಯೆ ಕಲಿಸುತ್ತಿದ್ದ ಶಾಲೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಬಂದಿದೆ ಎಂದರು.

ಆಗ ಬಾಗಿಲ ಬಳಿ ಯಾರೋ ಕೆಮ್ಮಿದರು. ಆ ಕೆಮ್ಮು ಅವನಿಗೆ ಚೆನ್ನಾಗಿ ಗೊತ್ತು. ಅವಳು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕನ್ನಡಕದ ಡಬ್ಬಿ ಹಿಡಿದುಕೊಂಡು, ಓಡಿ ಬಂದ ಉಸಿರನ್ನು ಒಳಗೇ ಅದುಮಿ, ಕ್ಷಮಿಸಿ, ಇದನ್ನ ಬಿಟ್ಟು ಬಂದಿದ್ದರು ಎಂದಳು. ಗ್ರಂಥಾಲಯಕ್ಕೆ ಹೋದ ಗಂಡ ಇಲ್ಲಿ ಸಿಗುತ್ತಾನೆಂದು ಇವಳಿಗೆ ಹೇಳಿದವರು ಯಾರು? ಅವನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಕನ್ನಡಕ ಕೊಡಲು ಮೇಜಿನ ಬಳಿಗೆ ಬಂದವಳ ಕಣ್ಣು ಅಧ್ಯಕ್ಷರು ಮತ್ತೆ ಕೈಗೆತ್ತಿಕೊಂಡಿದ್ದ ಹಾಳೆಯ ಮೇಲೆ ಬಿತ್ತು. ಒಂದು ಗಳಿಗೆ ತಡೆದುಕೊಂಡಳು, ತಡೆಯಲಾಗಲಿಲ್ಲ.

"ಸರ್, ಅದು ತಲೆಕೆಳಗಾಗಿದೆ."

ಅಧ್ಯಕ್ಷರು ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು. ನಿಮಗೆ ಓದೋಕೆ ಬರುತ್ತಾ ಎಂದು ಮೇಡಂ ಕೇಳಿದರೆ, ಬರ್ತಿತ್ತು ಎಂದಳು. ಸ್ವಲ್ಪ ತಡೆದು, ಬರುತ್ತೆ ಎಂದು ತಿದ್ದಿಕೊಂಡಳು. ನಿಯಮದ ಸ್ವಾಮಿಗೆ ಜೀವ ಬಂತು. ಹೆಂಡತಿ ಓದುವುದೆಂದರೆ ಕಳ್ಳನ ಪರ ಕಳ್ಳನ ಮನೆಯವರೇ ಸಾಕ್ಷಿ ಹೇಳಿದಂತೆ, ನಿಯಮದಲ್ಲಿ ಸಂಬಂಧಿಕರಿಗೆ ಅವಕಾಶವಿಲ್ಲ ಎಂದರು. ಅದು ಮೌಲ್ಯಮಾಪನಕ್ಕೆ, ಓದುವುದಕ್ಕಲ್ಲ ಎಂದರು ಮೇಡಂ. ಮೂವರು ಕಾನೂನಿನವರು ಒಂದು ವಾಕ್ಯದ ಮೇಲೆ ಹತ್ತು ನಿಮಿಷ ಜಗ್ಗಾಡಿದರು. ಕೊನೆಗೆ ದಾರಿ ತೋರಿಸಿದ್ದೂ ಮೇಡಮ್ಮೇ. ಅವನನ್ನು ಹೊರಗೆ ಕೂರಿಸುವುದು. ಅವಳು ಓದಿದ್ದನ್ನು ಗುಮಾಸ್ತರು ಟೈಪು ಮಾಡುವುದು. ಆಮೇಲೆ ಅವನನ್ನು ಕರೆಸಿ ಓದಿಸಿ, ಎರಡನ್ನೂ ತಾಳೆ ನೋಡುವುದು. ಇಬ್ಬರ ಓದೂ ಕೂಡಿಬಂದರೆ ಅದು ಬರಹವೇ, ಸಂಕೇತವಲ್ಲ. ಕೂಡದಿದ್ದರೆ ನಿಯಮ ಇಪ್ಪತ್ತಮೂರು.

ಅವನು ಮತ್ತೆ ಗಿಡ್ಡ ಕಾಲಿನ ಬೆಂಚಿಗೆ ಬಂದ. ಈಗ ಕನ್ನಡಕವಿತ್ತು, ನೋಡಲು ಏನೂ ಇರಲಿಲ್ಲ. ಬರುತ್ತೆ ಅಂದಳಲ್ಲ. ಮೂವತ್ತೇಳು ವರ್ಷ ಪೆನ್ಸಿಲ್ ಮುಟ್ಟದವಳಿಗೆ ಹೇಗೆ ಬರುತ್ತದೆ? ಆಗ, ನಿಧಾನವಾಗಿ, ಕಾಲಿನಿಂದ ತಲೆಯವರೆಗೆ ಬಿಸಿಯೇರಿದ ಹಾಗೆ, ಅವನಿಗೆ ಗೊತ್ತಾಯಿತು. ಫೋನಿನ ಪಕ್ಕದ ಪಟ್ಟಿ! ಮನೆಯಲ್ಲಿ ಅವನು ಏನು ಬರೆದರೂ ಗೀಟಿನಲ್ಲೇ. ಅಂಗಡಿಯಿಂದ ತರಬೇಕಾದ ಸಾಮಾನು, ಡಾಕ್ಟರು ಹೇಳಿದ ದಿನ, ಮನಸ್ಸಿಗೆ ತೋಚಿದ್ದು, ಬಾಯಲ್ಲಿ ಆಡಲಾಗದ್ದು. ನಿನ್ನೆ ಬರೆದದ್ದು: ಗುರುವಾರ ಹನ್ನೊಂದಕ್ಕೆ ಸಮಿತಿ. ಅವಳಿಗೆ ಹೇಳಬಾರದು. ಅದರ ಮೇಲೇ ಕನ್ನಡಕ ಇಟ್ಟು ಬಂದಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೆಂದರೆ ಇದೇ. ತರಗತಿಗೇ ಮೊದಲಿಗಳಾಗಿದ್ದವಳ ಮೂಗಿನ ಕೆಳಗೆ ಅವಳದೇ ಲಿಪಿಯಲ್ಲಿ ಗುಟ್ಟು ಬರೆದಿಡುವುದು. ಎಷ್ಟು ವರ್ಷದಿಂದ ಓದುತ್ತಿದ್ದಾಳೆ? ಒಮ್ಮೆ ಬರೆದಿದ್ದ, ಅಡುಗೆಗೆ ಉಪ್ಪು ಜಾಸ್ತಿ, ಹೇಳುವ ಧೈರ್ಯವಿಲ್ಲ. ಮರುದಿನದಿಂದ ಉಪ್ಪು ಹದಕ್ಕೆ ಬಂದಿತ್ತು. ತನ್ನ ನಾಲಿಗೆಯೇ ಸರಿಹೋಯಿತೆಂದು ಅವನು ತಿಳಿದಿದ್ದ. ಅವಳ ಅಕ್ಕ ಬಂದು ಹದಿನೈದು ದಿನವಾದಾಗ ಬರೆದಿದ್ದ, ಇವರು ಯಾವಾಗ ಹೊರಡುತ್ತಾರೋ. ಎರಡೇ ದಿನಕ್ಕೆ ಹೊರಟಿದ್ದರು, ಪಾಪ, ಕಾರಣ ಹೇಳದೆ. ಮಗಳು ಹುಟ್ಟಿದ ದಿನ ಏನೋ ಬರೆದಿದ್ದ, ಈಗ ನೆನೆದರೆ ಕಿವಿ ಕೆಂಪಾಗುವಂಥದ್ದು; ಆ ಹಾಳೆಯನ್ನು ಮಾತ್ರ ಆಮೇಲೆ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಓದುವವರು ಯಾರೂ ಇಲ್ಲವೆಂದು ಕೊರಗುತ್ತಿದ್ದೆನಲ್ಲ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಅವನಿಗೆ ನಗು ಬಂತು. ತಡೆದಷ್ಟೂ ಬೆಂಚು ಟಕಟಕ ಕುಟ್ಟಿತು. ಸ್ಕೇಲಿನ ಹುಡುಗಿ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು.

ಒಳಗಿನಿಂದಲೂ ನಗು ಕೇಳಿಸಿತು. ಮೊದಲು ಮೇಡಂ ಅವರದು, ಆಮೇಲೆ ಅಧ್ಯಕ್ಷರದು. ಸಹಜ ನ್ಯಾಯದಲ್ಲಿ ನಗುವಂಥದ್ದೇನಿದೆ? ಬಾಟಲಿ ಕೆಳಗಿಟ್ಟ. ಆ ಹದಿನೆಂಟು ನಿಮಿಷದಲ್ಲಿ ಏನು ಬರೆದನೆಂದು ಅವನಿಗೆ ಪೂರ್ತಿ ನೆನಪಿರಲಿಲ್ಲ. ಕೈ ಓಡುವಾಗ ತಲೆ ಕಾವಲು ಕೂರುವುದಿಲ್ಲ. ಆಮೇಲೆ ನಗು ನಿಂತಿತು, ಅವಳ ದನಿ ಒಂದೇ ಸಮನೆ ಕೇಳಿಸಿತು, ಮಾತು ತಿಳಿಯದಷ್ಟು ಸಣ್ಣಗೆ. ಆ ದನಿಗೆ ಒಂದು ನಡಿಗೆಯಿತ್ತು. ಟೈಪಿಂಗ್ ಶಾಲೆಯಲ್ಲಿ ಬರೆದದ್ದನ್ನು ತಿರುಗಿ ಓದುವಾಗ ಇದೇ ನಡಿಗೆ ಇರುತ್ತಿತ್ತು. ಇಷ್ಟು ವರ್ಷ ಅದೆಲ್ಲಿತ್ತು? ತರಕಾರಿಯವನ ಜೊತೆ, ಹಾಲಿನವನ ಜೊತೆ, ತನ್ನ ಜೊತೆ ಮಾತಾಡುವಾಗ ಇರಲಿಲ್ಲ. ಮಡಚಿ ಇಟ್ಟಿದ್ದಳು.

ಅವನನ್ನು ಕರೆದಾಗ ಅವಳು ಮೂಲೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನ ಕಡೆ ನೋಡಲಿಲ್ಲ. ಅಧ್ಯಕ್ಷರ ಮುಂದೆ ಟೈಪು ಮಾಡಿದ ಹಾಳೆಗಳಿದ್ದವು, ಕೈಯಲ್ಲಿ ಪೆನ್ನು. ಅವನು ಕನ್ನಡಕ ಹಾಕಿಕೊಂಡು ಓದತೊಡಗಿದ. ಮೊದಲ ಎರಡು ಪುಟ ಚೆನ್ನಾಗಿಯೇ ಇದ್ದವು. ಯಾರ ವಿರುದ್ಧ ತೀರ್ಮಾನ ತೆಗೆದುಕೊಳ್ಳುತ್ತೇವೆಯೋ ಅವರಿಗೆ ಮುಂಚೆ ತಿಳಿಸಬೇಕು, ಅವರ ಮಾತು ಕೇಳಬೇಕು, ಕೇಳುವವರು ಕಿವಿ ತೆರೆದಿಟ್ಟು ಕೇಳಬೇಕು. ಮೂರನೇ ಪುಟದ ನಡುವೆ ನಗುವಿನ ಕಾರಣ ತಿಳಿಯಿತು. ಕೋಣೆಯಲ್ಲಿ ಆಡಿದ್ದನ್ನೆಲ್ಲ ಬರೆದುಕೊಳ್ಳುವ ಹಳೆಯ ಚಟ. ಕೈ ಅದನ್ನೂ ಬಿಟ್ಟಿರಲಿಲ್ಲ. ಓದದೆ ವಿಧಿಯಿರಲಿಲ್ಲ. "ಸೇವೆಯಿಂದ ವಜಾ ಮಾಡುವ ಮೊದಲು ನೌಕರನಿಗೆ, ಹತ್ತು ನಿಮಿಷ ಇದೆ, ಹೆಚ್ಚುವರಿ ಹಾಳೆ ದಾರದಲ್ಲಿ ಕಟ್ಕೊಳ್ಳಿ, ತನ್ನ ಸಮಜಾಯಿಷಿ ನೀಡಲು, ಕಿಟಕಿ ಪಕ್ಕದವರೇ ಹಿಂದೆ ತಿರುಗಬೇಡಿ, ಅವಕಾಶ ಕೊಡತಕ್ಕದ್ದು." ಎರಡನೇ ಸಲ ಕೇಳಿದರೂ ಅಧ್ಯಕ್ಷರಿಗೆ ನಗು ತಡೆಯಲಾಗಲಿಲ್ಲ. ನಿಯಮದ ಸ್ವಾಮಿ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು, ಒರೆಸಿಕೊಳ್ಳುವಂಥದ್ದೇನೂ ಅಲ್ಲಿರಲಿಲ್ಲ.

ಐದನೇ ಪುಟಕ್ಕೆ ಬಂದ. ಕೊನೆಗೆ ನಾಲ್ಕು ಸಾಲು. ಮೊದಲ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡವನ ದನಿ ನಿಂತುಹೋಯಿತು. ಇದನ್ನು ಬರೆದೆನೇ? ಗೀಟು ತನ್ನದೇ. ಮೂಲೆಯ ಕುರ್ಚಿಯತ್ತ ನೋಡಿದ. ಅವಳು ಚೀಲದ ಹಿಡಿಯನ್ನು ಸುತ್ತುತ್ತಿದ್ದಳು. ಇದನ್ನು ಅವಳು ಇಷ್ಟು ಜನರ ಮುಂದೆ ಓದಿರಬೇಕು. ಬಿಟ್ಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಬಿಡುವುದು ಅವನಿಗೆ ಹೊಸದಲ್ಲ. ಆದರೆ ಬಿಟ್ಟರೆ ಟೈಪು ಮಾಡಿದ ಹಾಳೆಗೆ ತಾಳೆಯಾಗುವುದಿಲ್ಲ, ಎರಡನೇ ವರ್ಷ ಕೈಬಿಡುತ್ತದೆ. ಅಷ್ಟೇ ಅಲ್ಲ. ಅವಳು ಓದಿದ್ದನ್ನು ತಾನು ಬಿಟ್ಟರೆ ಆಮೇಲೆ ಅವಳ ಮುಖ ನೋಡುವುದು ಹೇಗೆ. ಕನ್ನಡಕ ಸರಿಮಾಡಿಕೊಂಡು ಓದಿದ.

"ಈ ಪ್ರಶ್ನೆಗೆ ಉತ್ತರ ಬರೆಯುವ ಯೋಗ್ಯತೆ ನನಗಿಲ್ಲ. ಮೂವತ್ತೇಳು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಒಬ್ಬಳ ಮಾತು ಕೇಳದೆ ತೀರ್ಪು ಕೊಟ್ಟೆವು. ಅವಳ ಕೈ ನನಗಿಂತ ವೇಗ. ಈ ಬೆಂಚಿನಲ್ಲಿ ಅವಳು ಕೂತಿರಬೇಕಿತ್ತು."

ತಲೆಯೆತ್ತಿದಾಗ ಅಧ್ಯಕ್ಷರ ಪೆನ್ನು ಗಾಳಿಯಲ್ಲಿ ನಿಂತಿತ್ತು. ಅವರು ಟೈಪಾದ ಕೊನೆಯ ಹಾಳೆಯ ಹಿಂದೆ ಮುಂದೆ ನೋಡಿ, ಈ ನಾಲ್ಕು ಸಾಲು ಇದರಲ್ಲಿಲ್ಲವಲ್ಲ ಎಂದರು. ಎಲ್ಲರೂ ಮೂಲೆಗೆ ತಿರುಗಿದರು. ಅವಳು ಓದಿರಲಿಲ್ಲ. ತಾಳೆ ತಪ್ಪಿತು.

ಅವಳು ಎದ್ದು ನಿಂತಳು. "ಅದು ಉತ್ತರಕ್ಕೆ ಸಂಬಂಧಪಟ್ಟಿದ್ದಲ್ಲ ಅನ್ನಿಸ್ತು," ಎಂದಳು. "ಬಿಟ್ಟೆ."

ಕೂಡಲಿಲ್ಲವಲ್ಲ, ನಿಯಮ ಇಪ್ಪತ್ತಮೂರು ಎಂದು ಸ್ವಾಮಿಗಳು ಪುಸ್ತಕ ತೆರೆಯುತ್ತಿದ್ದರು. ಮೇಡಂ ಅದರ ಮೇಲೆ ಕೈಯಿಟ್ಟರು. ಇಬ್ಬರೂ ಮಾತಾಡಿಕೊಂಡು ಬಂದಿದ್ದರೆ ಅಕ್ಷರಕ್ಕೆ ಅಕ್ಷರ ಒಂದೇ ಇರುತ್ತಿತ್ತು. ಉರು ಹೊಡೆದ ಸಾಕ್ಷಿಗಳು ಎಂದೂ ತಪ್ಪುವುದಿಲ್ಲ. ಇಲ್ಲಿ ಹೆಂಡತಿ ಬಿಟ್ಟದ್ದನ್ನು ಗಂಡ ಓದಿದ್ದಾನೆ, ಅದೂ ತನ್ನ ಮೇಲೇ ದೂರು ಹೇಳುವ ಮಾತನ್ನು. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನ್ನ ಪಾಠದ ಪುಸ್ತಕದಲ್ಲೂ ಇಲ್ಲ ಎಂದರು. ಆದರೆ ಇದರಿಂದ ವಿದ್ಯಾರ್ಥಿಯ ಗುರುತು ತಿಳಿಯುವುದಿಲ್ಲವೇ ಎಂದು ಸ್ವಾಮಿಗಳು ಕೊನೆಯ ಹುಲ್ಲುಕಡ್ಡಿ ಹಿಡಿದರು. ಹೆಂಡತಿಗೆ ಅನ್ಯಾಯ ಮಾಡಿದ್ದು ಗುರುತಿನ ಚಿಹ್ನೆ ಅಂತಾದರೆ ನಾವು ಯಾರೂ ಉಳಿಯೋದಿಲ್ಲ, ಬಿಡಿ ಎಂದರು ಅಧ್ಯಕ್ಷರು. ಸ್ವಾಮಿಗಳು ಸ್ವಲ್ಪ ಹೊತ್ತು ಯೋಚಿಸಿ ಪುಸ್ತಕ ಮುಚ್ಚಿದರು. ಪತ್ರಿಕೆಯನ್ನು ಮೌಲ್ಯಮಾಪನಕ್ಕೆ ಕಳಿಸುವುದೆಂದು ನಿರ್ಣಯವಾಯಿತು.

ನಿರ್ಣಯ ಬರೆಸುವಾಗ ಅಧ್ಯಕ್ಷರಿಗೆ ಏನು ತೋಚಿತೋ. ಮೂಲೆಯ ಕಡೆ ತಿರುಗಿ, ಅಮ್ಮಾ, ಆ ನಾಲ್ಕು ಸಾಲಿನ ಬಗ್ಗೆ ನೀವೇನಾದರೂ ಹೇಳೋದಿದೆಯೇ ಎಂದು ಕೇಳಿದರು. ಅವಳು ಚೀಲವನ್ನು ಕುರ್ಚಿಯ ಮೇಲಿಟ್ಟಳು. ಅವನ ಕೈ, ಕೇಳದೆಯೇ, ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು ನೋಟೀಸಿನ ಬೆನ್ನ ಮೇಲೆ ಕಾದು ನಿಂತಿತು.

"ಅವತ್ತು ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ರೆ ಕೆಲಸಕ್ಕೆ ಹೋಗ್ತೀನಿ ಅಂತಿದ್ದೆ. ಅತ್ತೇನೂ ನೋಡ್ಕೋತಿದ್ದೆ, ಅದೂ ಆಗ್ತಿತ್ತು." ಅವಳು ಗಂಡನ ಕಡೆ ತಿರುಗಿದಳು. "ಇದನ್ನೂ ಬರ್ಕೊಳ್ಳಿ."

ಬರೆದುಕೊಂಡ. ಕನ್ನಡಕದೊಳಗೆ ಮಬ್ಬಾಯಿತು, ಆದರೆ ಒಂದು ಮಾತೂ ಬಿಡಲಿಲ್ಲ. ಬಿಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಓದಿದವರ ಸಹಿ ಎಂದಿದ್ದ ಜಾಗದಲ್ಲಿ ಗುಮಾಸ್ತರು ಅವಳ ಕೈಯಿಂದ ಸಹಿ ಹಾಕಿಸಿಕೊಂಡು, ಕೆಳಗೆ 'ಶೀಘ್ರಲಿಪಿ ತಜ್ಞೆ' ಎಂದು ಟೈಪು ಮಾಡಿದರು. ಅವಳು ಅದನ್ನು ಎರಡು ಸಲ ಓದಿದಳು. ಹೊರಗೆ ಬಂದು ಮೆಟ್ಟಿಲಿಳಿಯುವಾಗ, ಅಕ್ಕನ ವಿಷಯ ಬರೆದದ್ದೂ ಓದಿದ್ದೆಯಾ ಎಂದು ಅವನು ಮೆಲ್ಲಗೆ ಕೇಳಿದ. ಅಕ್ಕನಿಗೇ ಓದಿ ಹೇಳಿದ್ದೆ ಎಂದಳು. ಇಬ್ಬರೂ ಬಸ್ಸಿನ ತುಂಬ ನಗುತ್ತ ಬಂದರು. ಮುಂದಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಾಗಲಿಲ್ಲ.

ಮೂರನೇ ವಾರ, ಒಂದು ಮಧ್ಯಾಹ್ನ ಅವನು ಸಾಮಾನು ತಂದು ಬಾಗಿಲು ತೆರೆದ. ಅಡುಗೆಮನೆಯಲ್ಲಿ ಅವಳು ಏನೋ ಹೆಚ್ಚುತ್ತಿದ್ದಳು, ತೀರಾ ಶ್ರದ್ಧೆಯಿಂದ, ಬೆನ್ನು ಇತ್ತ ಮಾಡಿಕೊಂಡು. ಫೋನ್ ಏನಾದರೂ ಬಂದಿತ್ತಾ ಎಂದ. ಹೆಚ್ಚುವ ಸದ್ದು ಜೋರಾಯಿತು. ಪಟ್ಟಿಯ ಮೇಲೆ ಪೆನ್ಸಿಲ್ ಅಡ್ಡ ಬಿದ್ದಿತ್ತು. ಹೊಸ ಗೀಟುಗಳು, ಅವನವಲ್ಲ. ಅವನ ಗೀಟಿಗಿಂತ ತೆಳು, ಓಡುವ ನೀರಿನಂತೆ ಎಲ್ಲೂ ತಡವರಿಸದ ಗೀಟು. ಮೂವತ್ತೇಳು ವರ್ಷದ ಮೇಲೆ ಆ ಕೈಬರಹ ನೋಡುತ್ತಿದ್ದ. ನಿಂತಲ್ಲೇ, ಸಾಮಾನಿನ ಚೀಲ ಹೆಗಲಲ್ಲಿದ್ದ ಹಾಗೆಯೇ, ಕನ್ನಡಕ ಹುಡುಕಿ ಹಾಕಿಕೊಂಡು ಓದಿದ.

'ಪರೀಕ್ಷಾ ವಿಭಾಗದಿಂದ ಫೋನ್. ಆಡಳಿತ ಕಾನೂನು, ಐವತ್ತೇಳು. ಎರಡನೇ ವರ್ಷಕ್ಕೆ ಏರಿದ್ದಾರೆ. ಅವರಿಗೆ ಹೇಳಬಾರದು.'